ಚೊಕ್ಕ ಗದ್ದೆ

ನಮ್ಮ ಗದ್ದೆಯಲ್ಲಿ ಬರಿಗಾಲಿನಲ್ಲಿ, ಕಣ್ಣು ಮುಚ್ಚಿಕೊಂಡು ನಡೆಯಬಹುದಿತ್ತು. ಇದು ನನ್ನ ಅಪ್ಪನ ಹೆಮ್ಮೆ. ಬೇರೆಯವರು ಮಕ್ಕಳ ಮಾರ್ಕು ಹೇಳಿಕೊಳ್ಳುವ ಹಾಗೆ ಅವನು ಇದನ್ನು ಹೇಳಿಕೊಳ್ಳುತ್ತಿದ್ದ. ಹೊನ್ನಾವರದ ಪೇಟೆಯಲ್ಲಿ ಪರಿಚಯದವರು ಸಿಕ್ಕಿ ಈ ಸಲ ಶೇಂಗಾ ಹೇಗೆ ಬಂತು ಎಂದು ಕೇಳಿದರೆ ಬೆಳೆಯ ಮಾತು ಆಮೇಲೆ. ಮೊದಲು, "ನಮ್ಮ ಗದ್ದೆಲಿ ಒಂದೇ ಒಂದು ಚೂರು ಹುಡ್ಕಿ ತೋರ್ಸು ನೋಡ್ವ" ಎನ್ನುತ್ತಿದ್ದ. ಪಾಪ, ಆ ಹೆಮ್ಮೆಯಲ್ಲಿ ತಪ್ಪೇನೂ ಇರಲಿಲ್ಲ. ಆದರೆ ನಮ್ಮ ಗದ್ದೆ ಹೋದದ್ದು ಅದರಿಂದಲೇ.

ಚೂರು ಎಂದರೆ ಮಡಕೆ ಚೂರು. ಹೊನ್ನಾವರದಿಂದ ಕುಮಟೆಯ ಕಡೆ ಹೋಗುವಾಗ ಹೆದ್ದಾರಿ ಬಿಟ್ಟು ಸಮುದ್ರದ ಬದಿಗೆ ತಿರುಗಿದರೆ ಒಂದು ಚಿರೇಕಲ್ಲಿನ ದಿಬ್ಬ, ಅದರ ಇಳಿಜಾರಿನಲ್ಲಿ ನಮ್ಮ ಗದ್ದೆ. ಮಳೆಗಾಲಕ್ಕೆ ಭತ್ತ, ಮಳೆ ಹೋದ ಮೇಲೆ ಶೇಂಗಾ, ಬಾವಿಯ ಬದಿಗೆ ನಾಲ್ಕು ಸಾಲು ಮೊಗೆಕಾಯಿ. ಎಲ್ಲಿಂದ ಬರುತ್ತಿದ್ದವೋ, ಪ್ರತಿ ವರ್ಷ ನೇಗಿಲು ಹೊಡೆದಾಗ ಮಣ್ಣಿನಿಂದ ಚೂರುಗಳು ಏಳುತ್ತಿದ್ದವು. ಹೆಚ್ಚಿನವು ಕೆಂಪು, ಕೆಲವು ಕಪ್ಪು. ಕೆಲವುಗಳ ಅಂಚಿನಲ್ಲಿ ಉಗುರಿನಿಂದ ಒತ್ತಿದಂಥ ಗೀರು. ಅಪರೂಪಕ್ಕೆ ಹಸಿರು ಹೊಳಪಿನ ಪಿಂಗಾಣಿ. ಮೊದಲ ಉಳುಮೆಯ ಮರುದಿನ ಮನೆಯವರೆಲ್ಲ ಒಂದು ಬದುವಿನಿಂದ ಇನ್ನೊಂದು ಬದುವಿನವರೆಗೆ ಸಾಲಾಗಿ ಕುಕ್ಕರಗಾಲಲ್ಲಿ ಕೂತು, ಹೆಡಿಗೆಯನ್ನು ಮುಂದೆ ನೂಕುತ್ತ ಚೂರು ಹೆಕ್ಕಬೇಕು. ಜ್ವರ ಬಂದವರಿಗೆ ಮಾತ್ರ ರಜೆ.

ಅದಕ್ಕೆ ಕಾರಣವಿತ್ತು. ಅಜ್ಜಿ ನಟ್ಟಿ ಮಾಡುವಾಗ ಕೆಸರಿನೊಳಗಿನ ಚೂರು ತುಳಿದು, ಗಾಯ ಕೀವು ತುಂಬಿ, ಎಡಗಾಲಿನ ಎರಡು ಬೆರಳು ಕಳೆದುಕೊಂಡಿದ್ದಳು. ಆಗ ಗದ್ದೆ ನಮ್ಮದಲ್ಲ, ಗೇಣಿಯದು. ಉಳುವವನೇ ಒಡೆಯ ಎಂಬ ಕಾನೂನು ಬಂದು, ಡಿಕ್ಲರೇಶನ್ ಕೊಟ್ಟು ಅದು ನಮ್ಮ ಹೆಸರಿಗೆ ಬಂದ ವರ್ಷ ಅಪ್ಪ ಮಾಡಿದ ಮೊದಲ ಕೆಲಸ ಈ ತುದಿಯಿಂದ ಆ ತುದಿಗೆ ತೆವಳಿ ಚೂರು ಹೆಕ್ಕಿದ್ದಂತೆ. ಒಡೆಯರ ಗದ್ದೆಯಲ್ಲಿ ಚೂರಿದ್ದರೆ ಒಡೆಯರಿಗೆ ನಾಚಿಕೆ, ನಮ್ಮ ಗದ್ದೆಯಲ್ಲಿದ್ದರೆ ನಮಗೆ ನಾಚಿಕೆ ಎಂದು ಅವನ ವಾದ.

ಹೆಕ್ಕಿದ್ದನ್ನು ಗದ್ದೆಯ ಮೂಡು ಬದಿಯ ಗೇರುಮರದ ಬುಡಕ್ಕೆ ಸುರಿಯುತ್ತಿದ್ದೆವು. ನಾನು ಅಂಬೆಗಾಲಿಡುವಾಗ ಅದು ಮೊಣಕಾಲೆತ್ತರದ ಗುಪ್ಪೆಯಾಗಿತ್ತಂತೆ. ನಾನು ಓದು ಮುಗಿಸಿ ಊರಿನ ಬಾಲವಾಡಿಗೆ ಟೀಚರಾಗುವ ಹೊತ್ತಿಗೆ ಸೊಂಟದೆತ್ತರ ಬೆಳೆದಿತ್ತು. ಒಂದು ಕೇರೆಹಾವು ಅದರೊಳಗೆ ಸಂಸಾರ ಹೂಡಿತ್ತು. ನನಗಿಂತ ಮೊದಲು ಅದಕ್ಕೇ ನೆಲೆ ಆಯಿತು ಎಂದು ನನ್ನ ಮದುವೆಯ ಮಾತು ಬಂದಾಗೆಲ್ಲ ನನ್ನ ತಾಯಿ, ಅವ್ವಿ, ಚುಚ್ಚುತ್ತಿದ್ದಳು.

ಎರಡು ಸಾವಿರದ ಇಸವಿ ಕಳೆದು ಏಳೆಂಟು ವರ್ಷವಾಗಿರಬೇಕು, ದಿಬ್ಬಕ್ಕೆ ಜೀಪುಗಳು ಬರತೊಡಗಿದವು. ಬಿಸಿಲಿನಿಂದ ಕರೆಂಟು ತೆಗೆಯುವ ಕಂಪನಿಯಂತೆ, ಗಾಜಿನ ಹಲಗೆಗಳನ್ನು ದಿಬ್ಬದ ತುಂಬ ಹಾಸುತ್ತಾರಂತೆ. ಅಪ್ಪ ಮೊದಲು ನಕ್ಕ. "ಜೂನಿಂದ ನಾಕು ತಿಂಗ್ಳು ಅವ್ರು ಎಂತ ಹಿಡೀತ್ರು, ಮಳೆನಾ?" ಎಂದು ಅಂಗಡಿಯಲ್ಲಿ ಕೂತವರನ್ನೆಲ್ಲ ನಗಿಸಿ ಬಂದ. ಆಮೇಲೆ ನೋಟೀಸು ಬಂತು. ಸುತ್ತಲಿನ ಬೇಣದವರು ಸಹಿ ಹಾಕಿದರು. ಹುಲ್ಲು ಬಿಟ್ಟರೆ ಏನೂ ಬೆಳೆಯದ ಜಾಗ ಹೋದರೆ ಅವರಿಗೇನು? ನಮ್ಮ ಗದ್ದೆ ಮಾತ್ರ ಆ ಎಲ್ಲದರ ನಟ್ಟನಡುವೆ ಇತ್ತು, ಊಟದ ಎಲೆಯ ನಡುವೆ ಕಲ್ಲಿನ ಹಾಗೆ. ಕೊಡುವುದಿಲ್ಲ ಎಂದ ಅಪ್ಪ. ಕೊಡದಿದ್ದರೆ ಸರಕಾರವೇ ತೆಗೆದುಕೊಳ್ಳುತ್ತದೆ ಎಂದು ಜೀಪಿನವರು ಬಹಳ ಮರ್ಯಾದೆಯಿಂದ ಹೇಳಿ ಹೋದರು. ಅಪ್ಪನ ನಗು ಅಲ್ಲಿಗೆ ನಿಂತಿತು.

ದಾರಿ ತೋರಿಸಿದವಳು ಚಿಕ್ಕಿ, ಅವ್ವಿಯ ತಂಗಿ. ಕುಮಟೆಯ ಆಚೆ ಕೋಟೆಯೊಂದರಲ್ಲಿ ಅಗೆತ ನಡೆದಾಗ ಅವಳು ಮಣ್ಣು ಹೊರುವ ಕೆಲಸಕ್ಕೆ ಹೋಗಿದ್ದಳು. "ಬಂಗಾರ ಸಿಕ್ಕಿದ್ರೂ ಅವ್ರು ಅಷ್ಟು ಕೊಣೀತಿರ್ಲಿಲ್ಲ. ಮಡ್ಕೆ ಚೂರು ಸಿಕ್ಕಿದ್ರೆ ಬ್ರಶ್ಶಲ್ಲಿ ಉಜ್ಜಿ, ನಂಬರ್ ಬರ್ದು, ಚೀಲಕ್ಕೆ ಹಾಕೂರು. ನಿಮ್ಮನೆ ಗದ್ದೆಲಿ ಅದೇ ಅಲ್ದಾ ಬೆಳ್ಯೂದು?" ಎಂದಳು. ನನ್ನ ತಲೆಗೆ ಹೊಳೆಯಿತು. ಅಂದೇ ಕೂತು ಅರ್ಜಿ ಬರೆದೆ. ನಮ್ಮ ಜಮೀನಿನಲ್ಲಿ ಹಳೆಯ ಕಾಲದ ಮಡಕೆ ಚೂರುಗಳು ಸಿಗುತ್ತವೆ, ಕಂಪನಿಗೆ ಕೊಡುವ ಮೊದಲು ಪರಿಶೀಲಿಸಬೇಕು ಎಂದು ಬಾಲವಾಡಿಯ ಮಕ್ಕಳಿಗೆ ಬರೆದು ತೋರಿಸುವ ದುಂಡು ಅಕ್ಷರದಲ್ಲಿ ಬರೆದು, ಬಸ್ಸು ಹತ್ತಿ ಭಟ್ಕಳದ ಎ.ಸಿ. ಕಚೇರಿಗೆ ಕೊಟ್ಟು ಬಂದೆ. ಮತ್ತೆ ಎರಡು ಸಲ ಹೋಗಿ ನೆನಪು ಮಾಡಿದೆ. ಮುರ್ಡೇಶ್ವರ ದಾಟುವಾಗೆಲ್ಲ ಬಸ್ಸಿನ ಕಿಟಕಿಯಿಂದಲೇ ದೇವರಿಗೆ ಕೈ ಮುಗಿದೆ. ದೇವರು ಕೇಳಿದ ಎಂದೇ ಹೇಳಬೇಕು, ಅಗೆತದ ಇಲಾಖೆಯಿಂದ ಒಬ್ಬ ಹೆಂಗಸು ಬಂದರು.

ನನಗಿಂತ ನಾಲ್ಕೈದು ವರ್ಷ ದೊಡ್ಡವರಿರಬಹುದು. ತಲೆಗೆ ಟೊಪ್ಪಿ, ಕಾಲಿಗೆ ಬೂಟು. ನಮ್ಮಲ್ಲಿ ಕಲಿತ ಹೆಂಗಸರನ್ನು ಕರೆಯುವಂತೆ ಅಪ್ಪ ಅವರನ್ನು "ಅಕ್ಕೋರೇ" ಎಂದ. ಅವರಿಗೆ ಅದು ಹಿಡಿಸಿತು. ಆ ವಾರವಷ್ಟೇ ಮೊದಲ ಉಳುಮೆ ಮುಗಿದಿತ್ತು. ಕಚೇರಿ ಓಡಾಟದಲ್ಲಿ ಆ ಸಲ ಹೆಕ್ಕುವುದು ಹಿಂದೆ ಬಿದ್ದಿತ್ತು. ಅಕ್ಕೋರು ಗದ್ದೆಯೊಳಗೆ ಕಾಲಿಟ್ಟವರು ಹತ್ತು ಹೆಜ್ಜೆಗೆ ನಿಂತರು. ಬಗ್ಗಿದರು. ಮತ್ತೆ ನಾಲ್ಕು ಹೆಜ್ಜೆ, ಮತ್ತೆ ಬಗ್ಗಿದರು. ಅವರ ಮುಖ ಅರಳುತ್ತ ಹೋದದ್ದನ್ನು ನಾನು ಕಂಡೆ. ಅಪ್ಪನ ಮುಖ ಬಾಡುತ್ತ ಹೋದದ್ದನ್ನೂ ಕಂಡೆ. ಹೊರಗಿನವರು ಬಂದ ದಿನವೇ ಅಂಗಳ ಗುಡಿಸಿರಲಿಲ್ಲವಲ್ಲ ಎನ್ನುವಂಥ ಮುಖ.

ಚೀಲದಿಂದ ಬಿದಿರಿನ ಕಡ್ಡಿಗೆ ಅಂಟಿಸಿದ ಚಿಕ್ಕ ಕೆಂಪು ಬಾವುಟಗಳನ್ನು ತೆಗೆದು, ಚೂರು ದಟ್ಟವಾಗಿದ್ದಲ್ಲೆಲ್ಲ ಚುಚ್ಚುತ್ತ ಹೋದರು. ಹೆಚ್ಚಿನವು ಬಾವಿಯ ಬದಿಗೇ ಬಿದ್ದವು. ನಾಲ್ಕು ಚೂರನ್ನು ಲಕೋಟೆಗೆ ಹಾಕಿಕೊಂಡರು. ಹೊರಡುವಾಗ ನನ್ನನ್ನು ಬದಿಗೆ ಕರೆದು, "ಮುಂದಿನ ವಾರ ಬಂದು ಇಲ್ಲಿ ಮೂರು ಪರೀಕ್ಷಾ ಗುಂಡಿ ತೋಡುತ್ತೇವೆ. ಮೂರಕ್ಕೇ ಒಪ್ಪಿಗೆ ಸಿಕ್ಕಿರುವುದು. ನೆಲದೊಳಗೆ ಇದ್ದಲ್ಲೇ ಇದ್ದ ಒಲೆಯೋ ಗೋಡೆಯೋ ಸಿಕ್ಕರೆ ಈ ಗದ್ದೆ ಬಿಟ್ಟುಬಿಡಿ ಎಂದು ನಾನು ಬರೆಯಬಹುದು. ಅಲ್ಲಿಯವರೆಗೆ ಉಳಬೇಡಿ, ಅಗೆಯಬೇಡಿ" ಎಂದರು. ನಾನು ಮನೆಗೆ ಬಂದು ಅಪ್ಪನಿಗೆ ಅಕ್ಷರ ಬಿಡದೆ ಹೇಳಿದೆ. ಅವನು ಎತ್ತುಗಳನ್ನು ಆ ಕಡೆ ಹಾಯಲೂ ಬಿಡಲಿಲ್ಲ.

ಅಕ್ಕೋರು ಬರುವ ಹಿಂದಿನ ದಿನ ಭಾನುವಾರ. ಬೆಳಿಗ್ಗೆ ಚಹಾ ಕುಡಿಯುತ್ತಿದ್ದ ಅಪ್ಪ ಲೋಟ ಕೆಳಗಿಟ್ಟು, "ನಾಳೆ ಪಂಚಾಯ್ತಿಯೋರು ಬತ್ರು, ಕಂಪನಿಯೋರು ಬತ್ರು. ಗದ್ದೆ ಹಿಂಗೆ ಇಟ್ಕಂಡ್ರೆ ಬಂದೋರು ಎಂತ ಅಂದ್ಕಂತ್ರು?" ಎಂದ.

"ಉಳೂಕೆ ಬೇಡ ಅಂದಿದ್ರಲ್ಲ ಅಪ್ಪಾ" ಎಂದೆ.

"ಉಳೂದು ಯಾರು? ಹೆಕ್ಕೂದು. ಅಗೀಲೂ ಇಲ್ಲ, ಉಳ್ಲೂ ಇಲ್ಲ. ಬಾ ಮಗಾ, ನಾಕು ಜನ ಕೂತ್ರೆ ಹೊತ್ತು ಏರೂದ್ರೊಳ್ಗೆ ಆತು."

ನಾನು ಹೋದೆ. ಇದನ್ನು ಬರೆಯುವಾಗ ನನ್ನ ಮೇಲೆ ನನಗೆ ಬರುವ ಸಿಟ್ಟು ಇಷ್ಟಿಷ್ಟಲ್ಲ. ಅರ್ಜಿಯಲ್ಲಿ ಚೂರು ಚೂರು ಎಂದು ಮೂರು ಕಡೆ ಬರೆದವಳು ನಾನೇ. ಆ ಚೂರುಗಳ ಮೇಲೆ ಬಾವುಟ ಚುಚ್ಚಿದ್ದನ್ನು ಕಂಡವಳೂ ನಾನೇ. ಅವು ನೆಲದ ಮೇಲೆ ಇದ್ದಲ್ಲೇ ಇರಬೇಕಾದವು ಎಂದು ನನ್ನ ತಲೆಗೆ ಹೋಗಲೇ ಇಲ್ಲ. ಬೇಕಾದದ್ದು ಕೆಳಗಿದೆ, ಗುಂಡಿ ತೋಡಿದರೆ ಸಿಗುತ್ತದೆ, ಮೇಲಿನದು ಕಸ ಎಂದುಕೊಂಡೆ. ಹುಟ್ಟಿದಂದಿನಿಂದ ಅದು ಕಸವೇ ಆಗಿತ್ತಲ್ಲ! ನೆಂಟರು ಬರುತ್ತಾರೆಂದರೆ ಗುಡಿಸುವುದು, ದೇವರ ಕಾರ್ಯವೆಂದರೆ ಸಾರಿಸುವುದು, ಗದ್ದೆ ನೋಡಲು ಬರುತ್ತಾರೆಂದರೆ ಹೆಕ್ಕುವುದು. ಇದಕ್ಕೆ ಯೋಚನೆ ಯಾರಿಗೆ ಬೇಕು? ಕೈ ತಾನಾಗಿ ಹೋಗುತ್ತದೆ.

ಬಾವುಟ ಏನು ಮಾಡುವುದು ಎಂದು ಮಾತ್ರ ಕೇಳಿದೆ. "ಕಿತ್ತಿಡು. ಆಮೇಲೆ ಹುಗ್ದ್ರೆ ಆತು" ಎಂದ ಅಪ್ಪ. ಅಷ್ಟರಲ್ಲಿ ಪಕ್ಕದ ಮನೆಯ ಕರು ನುಗ್ಗಿ ಒಂದು ಬಾವುಟವನ್ನು ಜಗಿಯತೊಡಗಿತ್ತು. ಉಳಿದವನ್ನೂ ತಿಂದೀತೆಂದು ಅಪ್ಪನೇ ಎಲ್ಲವನ್ನೂ ಕಿತ್ತು, ಬಾಳೆನಾರಿನಲ್ಲಿ ಕಟ್ಟಿ, ಹಿಂದಿರುಗಿಸುವುದಕ್ಕೆಂದು ಮನೆಯ ಮಾಡಿನಲ್ಲಿ ಸಿಕ್ಕಿಸಿದ.

ಅಂದು ನಾವು ಐದು ಹೆಡಿಗೆ ಚೂರು ಹೆಕ್ಕಿದೆವು. ಅಪ್ಪ, ಅವ್ವಿ, ಚಿಕ್ಕಿ, ನಾನು. ಬಾವಿ ಬದಿಯಲ್ಲಿ ಚೂರು ಹೆಚ್ಚೆಂದು ಅಲ್ಲಿ ಎರಡೆರಡು ಸಲ ಹೋದೆವು. ಬಹಳ ದಿನಗಳ ಮೇಲೆ ಅಪ್ಪ ತಮಾಷೆ ಮಾಡಿದ. ಚಿಕ್ಕಿ ಕೋಟೆಯ ಸಾಹೇಬರು ಬ್ರಶ್ಶು ಹಿಡಿದು ಕೂರುವುದನ್ನು ನಟಿಸಿ ತೋರಿಸಿ ನಮ್ಮ ಹೊಟ್ಟೆ ಹುಣ್ಣಾಗುವಂತೆ ನಗಿಸಿದಳು. ಬ್ರಶ್ಶಿನಿಂದ ಅವರು ಉಜ್ಜಿದ್ದು ಏನನ್ನು ಎಂದು ಅವಳಿಗೂ ನೆನಪಾಗಲಿಲ್ಲ. ಕೊನೆಯ ಹೆಡಿಗೆಯನ್ನು ಗುಪ್ಪೆಗೆ ಸುರಿದು ಅಪ್ಪ ಸೊಂಟಕ್ಕೆ ಕೈಕೊಟ್ಟು ನಿಂತು ಗದ್ದೆಯನ್ನು ನೋಡಿದ. "ಈಗ ಬರ್ಲಿ ಯಾರ್ ಬೇಕಾದ್ರೂ" ಎಂದ.

ಬಂದರು. ಅವ್ವಿ ತೆಳ್ಳೇವು ದೋಸೆ ಎರೆದು, ಮುರುಗಲ ಪಾನಕ ಮಾಡಿ ಕಾದಿದ್ದಳು. ಅಕ್ಕೋರು ಯಾವುದನ್ನೂ ಮುಟ್ಟದೆ ನೇರ ಗದ್ದೆಗೆ ಹೋದರು. ಬದುವಿನ ಮೇಲೆ ನಿಂತರು. ಕೈಯಲ್ಲಿದ್ದ ಕಾಗದ ನೋಡಿದರು, ಗದ್ದೆ ನೋಡಿದರು, ಮತ್ತೆ ಕಾಗದ ನೋಡಿದರು. ಅಪ್ಪ ಮಾಡಿನಿಂದ ತಂದ ಬಾವುಟಗಳ ಕಟ್ಟನ್ನು ಎರಡೂ ಕೈಯಲ್ಲಿ ಅವರ ಮುಂದೆ ಹಿಡಿದ. "ಹನ್ನೊಂದು ಇತ್ತು ಅಕ್ಕೋರೇ. ಒಂದು ಕರು ತಿಂತು" ಎಂದ, ತಪ್ಪಾಯಿತು ಎನ್ನುವ ದನಿಯಲ್ಲಿ.

ಅವರು ಬೈಯಲಿಲ್ಲ. ಬೈದಿದ್ದರೆ ಇಷ್ಟು ಉರಿಯುತ್ತಿರಲಿಲ್ಲ. ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದರು, "ಚೂರುಗಳೆಲ್ಲ ಎಲ್ಲಿ?"

"ಹೆಕ್ಕಿದೆವು" ಎಂದೆ.

"ಮೇಲೆ ಚೂರು ದಟ್ಟವಾಗಿದ್ದ ಕಡೆಯೇ ಕೆಳಗೆ ಏನಾದರೂ ಇರುವುದು. ಎಲ್ಲಿ ತೋಡಬೇಕು ಎಂದು ಹೇಳುವುದು ಆ ಚೂರುಗಳೇ. ನನ್ನ ಹತ್ತಿರ ಇರುವುದು ಅಂದಾಜಿನ ನಕ್ಷೆ ಅಷ್ಟೇ" ಎಂದರು. ನಾವು ಹೆಕ್ಕಿದ್ದು ಏನನ್ನು ಎಂದು ನನಗೆ ಆಗ ಹೊಳೆಯಿತು. ಅಪ್ಪನಿಗೆ ಇನ್ನೂ ಅರ್ಥವಾಗಿರಲಿಲ್ಲ. ನನ್ನ ಮುಖ ನೋಡಿ ಅವನಿಗೆ ಅರ್ಥವಾಯಿತು.

ಅರ್ಥವಾದದ್ದೇ ಅವನು ಗದ್ದೆಗೆ ಇಳಿದ. ಬಾವಿಯ ಕಟ್ಟೆಯಿಂದ ಹೆಜ್ಜೆ ಅಳೆದು ಒಂದು ಕಡೆ ನಿಂತ. "ಇಲ್ಲಿ ತೋಡಿ ಅಕ್ಕೋರೇ. ಕಪ್ಪು ಚೂರು ಬರೂದು ಇಲ್ಲೆ. ನನ್ನ ಅವ್ವಿ ಕಾಲು ಕೊಯ್ಕಂಡದ್ದೂ ಇಲ್ಲೆ" ಎಂದ. ಅಕ್ಕೋರು ಇಳಿಯಹೊರಟರು. ಅಷ್ಟರಲ್ಲಿ ಕಂಪನಿಯ ಕಡೆಯವನು, ಇಸ್ತ್ರಿ ಅಂಗಿಯ ಒಬ್ಬ, ಕೆಮ್ಮಿದ. ಮಾಲೀಕರು ಬೆರಳು ತೋರಿಸಿದಲ್ಲಿ ತೋಡುವುದಾದರೆ ತಮ್ಮ ತಕರಾರಿದೆ ಎಂದ. ಅವರೇ ತಂದು ಹುಗಿದಿಟ್ಟಿಲ್ಲ ಎನ್ನುವುದಕ್ಕೆ ಏನು ಗ್ಯಾರಂಟಿ ಎಂದು ಕೇಳಿದ. ನಾವು ಮುಂಚಿನ ದಿನ ಗದ್ದೆಯಲ್ಲಿ ಕೂತದ್ದನ್ನು ಊರೇ ನೋಡಿತ್ತು. ಪಂಚಾಯಿತಿಯವರು ಆಕಾಶ ನೋಡಿದರು. ಕಡೆಗೆ ಅಕ್ಕೋರು ಹಗ್ಗ ಹಿಡಿಸಿ, ಗದ್ದೆಯ ಮೂಲೆಯಿಂದ ಸಮ ಅಳತೆ ಹಾಕಿ, ಮೂರು ಚೌಕ ಎಳೆಸಿದರು. ಅಪ್ಪ ನಿಂತಿದ್ದ ಜಾಗ ಎರಡನೆಯ ಚೌಕದಿಂದ ಐದು ಹೆಜ್ಜೆ ದೂರ ಉಳಿಯಿತು.

ಎರಡು ದಿನ ತೋಡಿದರು. ಚಿಕ್ಕಿಯೂ ಕೂಲಿಗೆ ನಿಂತಿದ್ದಳು. ಮಣ್ಣನ್ನು ಗೇಣು ಗೇಣಾಗಿ ಕೆರೆದು, ಜರಡಿ ಹಿಡಿದು, ಮತ್ತೆ ಕೆರೆದು. ಅಪ್ಪ ಗುಂಡಿಯ ಅಂಚಿನಲ್ಲಿ ಕೂತು ಪ್ರತಿ ಬುಟ್ಟಿ ಮಣ್ಣನ್ನು ಕಣ್ಣಲ್ಲೇ ಜಾಲಿಸುತ್ತಿದ್ದ. ಬದುಕಿಡೀ ಚೂರು ಕಂಡರೆ ಹುಬ್ಬು ಗಂಟಿಕ್ಕುತ್ತಿದ್ದವನು ಆ ಎರಡು ದಿನ ಒಂದು ಚೂರಿಗಾಗಿ ಹರಕೆ ಹೊತ್ತ. ಮೇಲೆ ಉತ್ತ ಮಣ್ಣು, ಕೆಳಗೆ ಚಿರೇಕಲ್ಲು. ಮೂರನೆಯ ಗುಂಡಿಯಲ್ಲಿ ಉಗುರಿನಷ್ಟು ಮೂರು ಚೂರು ಸಿಕ್ಕವು. ಉತ್ತ ಮಣ್ಣಿನಲ್ಲಿ ಸಿಕ್ಕಿದ್ದು, ಹೊರಳಿ ಬಂದದ್ದು, ಲೆಕ್ಕಕ್ಕೆ ಬರುವುದಿಲ್ಲ ಎಂದರು ಅಕ್ಕೋರು.

ಆಗ ಅಪ್ಪ ಅವರನ್ನು ಗೇರುಮರದ ಬುಡಕ್ಕೆ ಕರೆದುಕೊಂಡು ಹೋದ. ಗುಪ್ಪೆಯ ಮುಂದೆ ಅಕ್ಕೋರು ಮಂಡಿಯೂರಿದರು. ಒಂದೊಂದೇ ಚೂರು ಎತ್ತಿ ಅಂಗೈಯಲ್ಲಿ ತಿರುಗಿಸಿದರು. ಅಪ್ಪ ಎದುರು ಕೂತು ಹೇಳುತ್ತ ಹೋದ. ಈ ಹಸಿರು ಹೊಳಪಿನದು ಬಾವಿಯ ತೆಂಕು ಬದಿಯದು, ದೊಡ್ಡ ಮಳೆ ಬಂದ ವರ್ಷ ಸಿಕ್ಕಿದ್ದು. ಈ ಗೀರಿನದೆಲ್ಲ ಮೊಗೆಕಾಯಿ ಸಾಲಿನದು. ಈ ದಪ್ಪ ಬಾಯಿಯದು ಮಗಳು ಎರಡನೆ ಕ್ಲಾಸಿನಲ್ಲಿದ್ದಾಗ ಎತ್ತಿದ್ದು. ಅಷ್ಟು ನೆನಪು ಅವನಲ್ಲಿತ್ತೆಂದು ನನಗೇ ಗೊತ್ತಿರಲಿಲ್ಲ. ಅಕ್ಕೋರ ಪೆನ್ನು ಜೇಬಿನಿಂದ ಹೊರಬರಲಿಲ್ಲ.

"ಇವು ತುಂಬಾ ಹಳೆಯವು. ಹಡಗಿನಲ್ಲಿ ಬಂದದ್ದೂ ಇದೆ" ಎಂದರು ಕೊನೆಗೆ. "ಆದರೆ ಎಲ್ಲಿತ್ತೋ ಅಲ್ಲಿಂದ ಎತ್ತಿದ ಮೇಲೆ ಇದರ ಮಾತನ್ನು ಯಾರೂ ಕೇಳುವುದಿಲ್ಲ."

"ನಾ ಹೇಳ್ತೆ ಅಲ್ದಾ, ಎಲ್ಲಿತ್ತು ಅಂತ?" ಎಂದ ಅಪ್ಪ.

ಅವರು ಕೈಯಲ್ಲಿದ್ದ ಚೂರನ್ನು ಗುಪ್ಪೆಯ ಮೇಲೆ ಇಟ್ಟರು. ಇಸ್ತ್ರಿ ಅಂಗಿಯವನು ಹಿಂದೆ ನಿಂತು, ಇಂಥ ಗುಪ್ಪೆ ಬೇಕಾದರೆ ಒಂದು ಲಾರಿ ತರಿಸಿ ಹಾಕಬಹುದು ಎಂದು ನಕ್ಕ. ನನಗೆ ಅಲ್ಲಿದ್ದ ದಪ್ಪ ಚೂರೊಂದನ್ನು ತೆಗೆದು ಅವನ ಮುಖಕ್ಕೆ ಎಸೆಯಬೇಕೆನಿಸಿತು. ಎಸೆಯಲಿಲ್ಲ. ಅಷ್ಟು ಧೈರ್ಯವಿದ್ದರೆ ಭಾನುವಾರವೇ ಅಪ್ಪನಿಗೆ ಬೇಡ ಎನ್ನುತ್ತಿದ್ದೆನೇನೋ.

ವರದಿಯ ಪ್ರತಿ ನನ್ನ ಕೈಗೆ ಸಿಗುವಾಗ ಮಳೆಗಾಲ. ಎರಡೇ ಪುಟ. ಮೂರು ಗುಂಡಿಗಳಲ್ಲಿ ಗಮನಾರ್ಹವಾದದ್ದು ಕಂಡುಬಂದಿಲ್ಲ. ಗದ್ದೆಯ ಮೇಲ್ಮೈ ಸ್ವಚ್ಛವಾಗಿದೆ. ಸ್ವಚ್ಛವಾಗಿದೆ! ಇಷ್ಟು ವರ್ಷ ಅಪ್ಪ ಯಾವ ಮಾತನ್ನು ಬೇರೆಯವರ ಬಾಯಲ್ಲಿ ಕೇಳಬೇಕೆಂದಿದ್ದನೋ ಆ ಸರ್ಟಿಫಿಕೇಟು ಕೊನೆಗೂ ಸೀಲು ಹಾಕಿ ಬಂತು. ನಾನು ಓದಿ ಹೇಳಿದಾಗ ಅವನು ಎದ್ದು ಹೊರಗೆ ಹೋದ. ಅಕ್ಕೋರ ಮೇಲೆ ನನಗೆ ಸಿಟ್ಟು ಬಂದಿತ್ತು, ಈಗಲೂ ಪೂರ್ತಿ ಹೋಗಿಲ್ಲ. ಹೆಕ್ಕಬೇಡಿ ಎಂದು ಒಂದು ಮಾತು ಹೇಳಿದ್ದರೆ ಅವರ ಗಂಟೇನು ಹೋಗುತ್ತಿತ್ತು? ಆದರೆ ಗದ್ದೆಯನ್ನು ಮನೆಯಂತೆ ಗುಡಿಸುವ ಜನ ಇರುತ್ತಾರೆಂದು ಅವರಿಗೆ ಯಾವ ಪುಸ್ತಕ ಹೇಳಿಕೊಟ್ಟಿತ್ತು?

ಮಳೆ ಮುಗಿದ ಮೇಲೆ ಬೇಲಿ ಬಿತ್ತು. ಆಮೇಲೆ ಹಳದಿ ಯಂತ್ರ ಬಂತು. ನಾನು ಬಾಲವಾಡಿಯಿಂದ ಬರುವ ದಾರಿ ಆ ಬೇಲಿಯ ಪಕ್ಕದಲ್ಲೇ. ಒಂದು ಮಧ್ಯಾಹ್ನ ಅಪ್ಪ ತಂತಿ ಹಿಡಿದು ನಿಂತಿದ್ದ. ಒಳಗೆ ಬಾವಿಯ ಹತ್ತಿರ, ಅವನು ಹೆಜ್ಜೆ ಅಳೆದು ನಿಂತಿದ್ದ ಆ ಜಾಗದಲ್ಲೇ, ಯಂತ್ರದ ಕೈ ಮಣ್ಣು ಎತ್ತುತ್ತಿತ್ತು. ಮಣ್ಣು ಕೆಂಪಾಗಿರಲಿಲ್ಲ. ಕಪ್ಪು ಬೂದಿ. ಅದರ ಜೊತೆ ಸಾಲಾಗಿ ಜೋಡಿಸಿದ್ದ ಕಲ್ಲುಗಳು ಕಳಚಿ ಬಿದ್ದವು. ಒಂದು ಗಡಿಗೆ, ಇಡಿಯ ಗಡಿಗೆ, ಕುತ್ತಿಗೆಯವರೆಗೆ ಕಾಣಿಸಿತು. ನಾನು ಬೇಲಿಯ ಹೊರಗಿನಿಂದಲೇ ನಿಲ್ಲಿಸಿ ಎಂದು ಕೂಗಿದೆ. ಯಂತ್ರದ ಸದ್ದಿಗೆ ಯಾರಿಗೂ ಕೇಳಲಿಲ್ಲ. ಓಡಿ ಅಂಗಡಿಗೆ ಹೋಗಿ ಅಕ್ಕೋರು ಕೊಟ್ಟ ನಂಬರಿಗೆ ಫೋನು ಮಾಡಿದೆ. ಅವರಿಗೆ ವರ್ಗವಾಗಿದೆ ಎಂದರು. ಮರಳಿ ಬರುವಷ್ಟರಲ್ಲಿ ಗಡಿಗೆ ಚೂರಾಗಿ ಮಣ್ಣಿನ ರಾಶಿಯಲ್ಲಿ ಬೆರೆತಿತ್ತು. ಅಪ್ಪ ಇನ್ನೂ ಅಲ್ಲೇ ನಿಂತಿದ್ದ. "ನಡಿ, ಚಾ ಹೊತ್ತಾತು" ಎಂದ.

ಈಗ ಅವನಿಗೆ ಉಳಿದದ್ದು ಮನೆಯ ಹಿತ್ತಿಲು. ಎರಡು ಸಾಲು ಬಸಳೆ, ಒಂದಿಷ್ಟು ಹರಿವೆ. ಮರುವರ್ಷದ ಒಂದು ಬೆಳಿಗ್ಗೆ ನಾನು ಬಟ್ಟೆ ಒಗೆಯುತ್ತಿದ್ದೆ, ಅವನು ಹರಿವೆಗೆ ಮಣ್ಣು ಹದ ಮಾಡುತ್ತಿದ್ದ. ಗುದ್ದಲಿಗೆ ಏನೋ ಟಣ್ ಎಂದಿತು. ಬಗ್ಗಿ ಎತ್ತಿದ. ಚೂರು. ಹಳೆಯದೇನೂ ಅಲ್ಲ, ನಾವೇ ಒಡೆದ ಚಹಾ ಕಪ್ಪಿನದು, ಗುಲಾಬಿ ಹೂವಿನ ಚಿತ್ರ ಅರ್ಧ ಉಳಿದಿತ್ತು. ಅಭ್ಯಾಸದಂತೆ ಬೇಲಿಯಾಚೆ ಎಸೆಯಲು ಕೈ ಎತ್ತಿದ. ಎತ್ತಿದ ಕೈ ಹಾಗೇ ನಿಂತಿತು. ಆಮೇಲೆ ಕುಕ್ಕರಗಾಲಲ್ಲಿ ಕೂತು, ಅದು ಎದ್ದು ಬಂದ ಜಾಗವನ್ನೇ ಹುಡುಕಿ, ಹೆಬ್ಬೆರಳಿನಿಂದ ಒತ್ತಿ ಮಣ್ಣಿನೊಳಗೆ ಮರಳಿ ಕೂರಿಸಿದ. ಮೇಲೆ ಮಣ್ಣು ಸರಿಸಿದ.

"ಎಂತ ಮಾಡ್ತ್ರಿ ಅಪ್ಪಾ?" ಎಂದೆ.

"ಇರ್ಲಿ" ಎಂದ. "ಯಾರಾದ್ರೂ ನೋಡೂಕೆ ಬಂದ್ರೆ."